ದಿಗಿಣ ಹೊಡೆಯಲಿ ಬಿಡಿ

ಕೇಳುಗರಿಗೆಲ್ಲ ನಮಸ್ಕಾರ.

ಮಕ್ಕಳ ಮೂಳೆ ಅಂದ ಕೂಡಲೇ ನಮ್ಮ ಮಾತು ಹಾಲು, ರಾಗಿ, ಮೀನಿನ ಕಡೆಗೇ ಹೋಗುತ್ತದೆ. ತಾರ್ಲೆಯ ಸಣ್ಣ ಮುಳ್ಳನ್ನು ಅಗಿದು ತಿನ್ನು ಅಂತ ಕಾರವಾರದ ಅಜ್ಜಿಯರು ಹೇಳುತ್ತಾರೆ. ಸರಿಯೇ. ಕ್ಯಾಲ್ಸಿಯಂ ಇಲ್ಲದೆ ಮೂಳೆ ಇಲ್ಲ. ಆದರೆ ತಿಂದದ್ದು ಮೂಳೆಯ ಯಾವ ಜಾಗಕ್ಕೆ ಎಷ್ಟು ಸೇರಬೇಕು? ಅದರಲ್ಲಿ ಮೂಳೆಯ ಮೇಲೆ ಬೀಳುವ ಭಾರದ ಪಾಲು ದೊಡ್ಡದು. ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಇದನ್ನು ಬರೆದಿಟ್ಟಿದ್ದಾರೆ.

ಹೊನ್ನಾವರದ ಕಡೆ ಯಕ್ಷಗಾನ ಕಲಿಯುವ ಹುಡುಗರು ದಿಗಿಣ ಹೊಡೆಯುವುದನ್ನು ನೋಡಿದ್ದೀರಲ್ವಾ? ಚಂಡೆ ಏರುತ್ತದೆ, ಹುಡುಗ ಹಾರುತ್ತಾನೆ, ಕಾಲು ಧಪ್ ಅಂತ ನೆಲಕ್ಕೆ ಬೀಳುತ್ತದೆ. ಆ ಕ್ಷಣ ಕಾಲಿನ ಮೇಲೆ ಅವನ ತೂಕದ ಹಲವು ಪಟ್ಟು ಭಾರ. ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರೊಳಗೆ ಕೂದಲಿಗಿಂತ ಸಣ್ಣ ಕಾಲುವೆಗಳಿವೆ. ಮೂಳೆ ಬಾಗಿದಾಗ ಅವುಗಳಲ್ಲಿರುವ ದ್ರವ ಸರಿದಾಡುತ್ತದೆ. ಅಲ್ಲೇ ಹುದುಗಿರುವ ಜೀವಕೋಶಗಳಿಗೆ ಅದು ಗೊತ್ತಾಗುತ್ತದೆ. ಇಲ್ಲಿ ಗಟ್ಟಿ ಮಾಡಿ ಅಂತ ಅವು ಮೂಳೆ ಕಟ್ಟುವ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ.

ಈ ಕೋಶಗಳಿಗೆ ಬೇಗ ಬೇಜಾರೂ ಬರುತ್ತದೆ! ಅಮೆರಿಕದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಕೆಲವು ಇಲಿಗಳ ಕಾಲಿಗೆ ದಿನಕ್ಕೆ 360 ಸಲ ಭಾರವನ್ನು ಒಂದೇ ಸಮನೆ ಕೊಟ್ಟರು. ಬೇರೆ ಇಲಿಗಳಿಗೆ ಅಷ್ಟನ್ನೇ 90ರಂತೆ ನಾಲ್ಕು ಸರ್ತಿ, ನಡುವೆ ಬಿಡುವು ಕೊಟ್ಟು ಕೊಟ್ಟರು. ಬಿಡುವು ಸಿಕ್ಕ ಇಲಿಗಳಲ್ಲೇ ಮೂಳೆ ಜಾಸ್ತಿ ಕಟ್ಟಿತು. ಅಂದರೆ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಕುಣಿದರೆ ಲಾಭ. ಶಾಲೆಯ ಗಂಟೆಗಳ ನಡುವೆ ಹುಡುಗರು ಸುಮ್ನೆ ಮೆಟ್ಟಿಲಿಂದ ಹಾರುವುದನ್ನು ಮಂಗಾಟ ಅಂತ ಬೈಯುತ್ತೇವೆ. ನನಗಂತೂ ಅದು ಒಳ್ಳೆಯ ವ್ಯಾಯಾಮ ಅನಿಸುತ್ತದೆ.

2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 6ರಿಂದ 10 ವರ್ಷದ ಮಕ್ಕಳು ಎರಡು ಅಡಿ ಎತ್ತರದ ಪೆಟ್ಟಿಗೆಯಿಂದ ಹಾರಿದರು. ಒಂದು ಸಲಕ್ಕೆ 100 ಹಾರು, ವಾರಕ್ಕೆ ಮೂರು ದಿನ, ಏಳು ತಿಂಗಳು. ಹಾರದ ಮಕ್ಕಳಿಗಿಂತ ಇವರ ತೊಡೆಮೂಳೆಯ ಕುತ್ತಿಗೆಯಲ್ಲಿ, ಅಂದರೆ ಸೊಂಟದ ಕೀಲಿನ ಹತ್ತಿರದ ಸಪೂರ ಭಾಗದಲ್ಲಿ, ಖನಿಜ ಶೇಕಡಾ 4ಕ್ಕಿಂತ ಜಾಸ್ತಿ ಸೇರಿತ್ತು.

ಕಾಳಿ ನದಿಯಲ್ಲಿ ಈಜುವುದು? ಹೃದಯಕ್ಕೆ, ಉಸಿರಿಗೆ ಬಹಳ ಒಳ್ಳೆಯದು. ಮೂಳೆಗೆ ಲಾಭ ಕಡಿಮೆ, ಯಾಕೆಂದರೆ ನೀರು ಮೈಭಾರವನ್ನು ಹೊತ್ತುಬಿಡುತ್ತದೆ. ಸೈಕಲ್ಲಿನ ಕಥೆಯೂ ಹಾಗೇ. ಜೊತೆಗೆ ಕಬಡ್ಡಿ, ಖೋಖೋ ಇರಲಿ.

ಈಗ ವಯಸ್ಸಿನ ಮಾತು. ಹುಡುಗಿಯರಿಗೆ ಹನ್ನೆರಡು ಹದಿಮೂರು, ಹುಡುಗರಿಗೆ ಹದಿನಾಲ್ಕರ ಆಸುಪಾಸಿನ ಎರಡೇ ವರ್ಷಗಳಲ್ಲಿ, ದೊಡ್ಡವರಾದಾಗ ಇರುವ ಮೂಳೆಖನಿಜದ ಸುಮಾರು ಕಾಲು ಭಾಗ ಕೂಡಿಕೊಳ್ಳುತ್ತದೆ. ಫಿನ್ಲೆಂಡಿನ ಟೆನಿಸ್ ಆಟಗಾರ್ತಿಯರನ್ನು ಪರೀಕ್ಷಿಸಿದಾಗ, ಆಡುವ ಕೈಯ ಮೂಳೆ ಇನ್ನೊಂದು ಕೈಗಿಂತ ಗಟ್ಟಿಯಾಗಿತ್ತು. ಮೈನೆರೆಯುವ ಮೊದಲೇ ಆಟ ಶುರುಮಾಡಿದವರಲ್ಲಿ ಈ ವ್ಯತ್ಯಾಸ ತಡವಾಗಿ ಶುರುಮಾಡಿದವರ ಎರಡು ಪಟ್ಟಿಗೂ ಮಿಕ್ಕಿತ್ತು.

ನಮ್ಮಲ್ಲಿ ಆಗುವುದೇನು? ಆರನೇ ಕ್ಲಾಸಿನವರೆಗೆ ಕುಂಟಾಬಿಲ್ಲೆ ಆಡಿದವಳಿಗೆ, ‘ದೊಡ್ಡವಳಾದೆ, ಇನ್ನು ಹಾರಬೇಡ’ ಅನ್ನುತ್ತೇವೆ. ಮೂಳೆ ಕೇಳುವ ಹೊತ್ತಿಗೆ ಸರಿಯಾಗಿ ಕೂರಿಸುತ್ತೇವೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂತು ಅಂತ ಪಿಟಿ ಪೀರಿಯಡ್ಡೂ ಗಣಿತಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಅಂಗಳಕ್ಕೆ ಇಳಿಯಲು ಆಗುವುದಿಲ್ಲ, ನಿಜ. ಜಗಲಿಯಲ್ಲಿ ಹಗ್ಗದಾಟ ಆಡಬಹುದಲ್ವಾ?

ಇದೇ ವಯಸ್ಸಿನಲ್ಲಿ ಬಿದ್ದು ಮುಂಗೈ ಮುರಿದುಕೊಳ್ಳುವ ಮಕ್ಕಳೂ ಜಾಸ್ತಿ. ಮೂಳೆ ಮೊದಲು ಉದ್ದ ಬೆಳೆದು, ಖನಿಜ ತುಂಬುವುದು ತುಸು ತಡವಾಗುವುದೇ ಅದಕ್ಕೊಂದು ಕಾರಣ. ಕಟ್ಟು ಬಿಚ್ಚಿ ಡಾಕ್ಟರು ಒಪ್ಪಿದ ಮೇಲೆ ಮತ್ತೆ ಆಟಕ್ಕೆ ಕಳಿಸಿ.

ಅತಿಯೂ ಬೇಡ. ಯಕ್ಷಗಾನದ ಮಂಡಿ ಹಾಕುವುದು, ಅಂದರೆ ಮೊಣಕಾಲೂರಿ ಗಿರಗಿರ ತಿರುಗುವುದು, ಬೇರೆ ವಿಷಯ, ಅದನ್ನು ಗುರುಗಳ ಕಣ್ಣೆದುರೇ ಕಲಿಯಬೇಕು. ಮೊಣಕಾಲ ಚಿಪ್ಪಿನ ಕೆಳಗೆ ಉಬ್ಬು ಬಂದು ನೋಯುತ್ತಿದ್ದರೆ ಕೆಲವು ವಾರ ಹಾರುವುದನ್ನು ಕಡಿಮೆ ಮಾಡಿಸಿ. ಊಟ ಕಡಿಮೆ ಮಾಡಿ ವಿಪರೀತ ಓಡುವ ಹುಡುಗಿಗೆ ಮುಟ್ಟು ನಿಂತರೆ, ಆಟ ಎಷ್ಟೇ ಇದ್ದರೂ ಮೂಳೆ ಸವೆಯುತ್ತದೆ. ನಾಚಿಕೊಳ್ಳದೆ ಡಾಕ್ಟರಿಗೆ ತೋರಿಸಿ.

ನಮಸ್ಕಾರ.