ಹಪ್ಪಳ ಕರಿದು ಉಳಿದ ಎಣ್ಣೆ ಏನಾಯ್ತು?

ನಮಸ್ಕಾರ. ತೀರ್ಥಹಳ್ಳಿಯಲ್ಲಿ ಮಳೆ ಹಿಡಿದುಕೊಂಡಿದೆ. ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳದ ಡಬ್ಬ ಅಟ್ಟದಿಂದ ಇಳಿದಿದೆ. ಈ ಸಲ ನಮ್ಮ ಅತ್ತಿಗೆ ತೆಂಗಿನೆಣ್ಣೆ ಬಿಟ್ಟು ಕಾರ್ನ್ ಆಯಿಲ್ ತಂದಿದ್ದಾರೆ. ಅಂದರೆ ಮೆಕ್ಕೆಜೋಳದ ಎಣ್ಣೆ. "ಹಾರ್ಟಿಗೆ ಒಳ್ಳೆಯದಂತೆ, ಎಷ್ಟು ಬೇಕಾದ್ರೂ ಹಾಕಬಹುದಂತೆ" ಅಂದರು. ಆ ಎರಡನೇ ಮಾತು ನನಗೆ ಭಯ ಹುಟ್ಟಿಸಿತು. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಶಿಕಾರಿಪುರ, ಸೊರಬದ ಕಡೆ ಮೆಕ್ಕೆಜೋಳ ಜಾಸ್ತಿ ಬೆಳೆಯುತ್ತಾರೆ. ಆದರೆ ಕಾಳಿನಲ್ಲಿ ಎಣ್ಣೆ ಇರುವುದು ನೂರಕ್ಕೆ ಸುಮಾರು 4 ಪಾಲು. ಅದೂ ಮೊಳಕೆ ಬರುವ ಆ ಪುಟ್ಟ ಭಾಗದಲ್ಲೇ ಹೆಚ್ಚು. ಹಾಗಾಗಿ ಊರ ಗಾಣದಲ್ಲಿ ಇದನ್ನು ತೆಗೆಯೋಕಾಗಲ್ಲ. ಕಾರ್ಖಾನೆಯಲ್ಲಿ ರಿಫೈನ್ ಆಗಿಯೇ ಬರುತ್ತದೆ.

ಒಳ್ಳೆಯ ಗುಣ ಇದೆ, ಇಲ್ಲ ಅನ್ನಲ್ಲ. ಸುಮಾರು 230 ಡಿಗ್ರಿ ಕಾಯುವ ತನಕ ಹೊಗೆಯಾಡಲ್ಲ. ವಿಟಮಿನ್ ಇ ಇದೆ. ಅರ್ಧಕ್ಕಿಂತ ಜಾಸ್ತಿ ಇರುವುದು ಒಮೆಗಾ-6 ಕೊಬ್ಬು. ಬೆಣ್ಣೆ, ತೆಂಗಿನೆಣ್ಣೆಯ ಜಾಗದಲ್ಲಿ ಇದನ್ನು ಬಳಸಿದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ.

ಆದರೆ ಒಂದು ವಿಷಯ ಕೇಳಿ. ಅಮೆರಿಕದ ಮಿನೆಸೋಟದಲ್ಲಿ 1968ರಿಂದ 1973ರವರೆಗೆ 9,000ಕ್ಕೂ ಹೆಚ್ಚು ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ಕಾರ್ನ್ ಆಯಿಲ್ ಊಟ, ಇನ್ನೊಂದಕ್ಕೆ ಮಾಮೂಲಿ ಊಟ. ಎಣ್ಣೆ ತಿಂದವರ ಕೊಲೆಸ್ಟ್ರಾಲ್ ಇಳಿಯಿತು. ಸಾವು ಮಾತ್ರ ಕಡಿಮೆಯಾಗಲಿಲ್ಲ. ಹಳೆಯ ಲೆಕ್ಕವನ್ನೆಲ್ಲ ಹುಡುಕಿ ತೆಗೆದು ಮತ್ತೆ ಪ್ರಕಟಿಸಿದ್ದು 2016ರಲ್ಲಿ. ಅದರಲ್ಲಿ ಬಹಳ ಜನ ಸ್ವಲ್ಪ ದಿನ ಮಾತ್ರ ಆ ಊಟ ಮಾಡಿದ್ದರು, ಹಾಗಾಗಿ ಅದೇ ಕೊನೆಯ ಮಾತಲ್ಲ. ಇವತ್ತಿಗೂ ಹೃದಯದ ತಜ್ಞರಲ್ಲಿ ಹೆಚ್ಚಿನವರು ಬೆಣ್ಣೆಗಿಂತ ಇಂಥ ಎಣ್ಣೆಯೇ ವಾಸಿ ಅನ್ನುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಬಾಟಲಿ ಬದಲಾಯಿಸಿದ ತಕ್ಷಣ ಹೃದಯ ಗಟ್ಟಿಯಾಯಿತು ಅಂತ ಸುಮ್ನೆ ನಂಬಬೇಡಿ.

ಯಾವ ಎಣ್ಣೆ ಆದರೂ ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ. ಅದರಲ್ಲಿ ಕಾರ್ನ್ ಆಯಿಲ್‌ಗೆ ರಿಯಾಯಿತಿ ಇಲ್ಲ.

ನನ್ನ ನಿಜವಾದ ತಕರಾರು ಕರಿದ ಎಣ್ಣೆಯದು. ನಮ್ಮ ಮನೆಯಲ್ಲೂ ವರ್ಷಗಟ್ಟಲೆ ಹೀಗೇ ನಡೆದಿದೆ. ಹಪ್ಪಳ ಕರಿದು ಉಳಿದದ್ದನ್ನು ಸೋಸಿ ಇಡುವುದು, ಮರುದಿನ ಬೋಂಡಾ, ಆಮೇಲೆ ಬಾಳೆಕಾಯಿ ಚಿಪ್ಸು. ಎಣ್ಣೆ ಕಪ್ಪಾಗಿ ಅಂಟಾಗುವ ತನಕ. ಎಸೆಯೋಕೆ ಮನಸ್ಸು ಬರಲ್ಲ, ಅಲ್ವಾ? ಆದರೆ ಒಮೆಗಾ-6 ಜಾಸ್ತಿ ಇರುವ ಎಣ್ಣೆ ಮತ್ತೆ ಮತ್ತೆ ಕಾದರೆ ತೆಂಗಿನೆಣ್ಣೆಗಿಂತ ಬೇಗ ಕೆಡುತ್ತದೆ. ಅದರಲ್ಲಿ ದೇಹಕ್ಕೆ ಆಗದ ವಸ್ತುಗಳು ಹುಟ್ಟುತ್ತವೆ. ಹಾಗೆ ಕೆಟ್ಟ ಅಂಶ ನೂರಕ್ಕೆ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಅಂತ ನಮ್ಮ ದೇಶದಲ್ಲಿ 2018ರಿಂದ ನಿಯಮವೇ ಇದೆ. ಅಂಗಡಿಯವರಿಗೆ ಹೇಳುವವರಿದ್ದಾರೆ. ಮನೆಯ ಬಾಣಲೆಗೆ ಯಾರು ಹೇಳಬೇಕು?

ಅತ್ತಿಗೆಗೆ ಇಷ್ಟೂ ಹೇಳಿದೆ. ನಿನ್ನೆ ಅವರು ಚಿಕ್ಕ ಬಾಣಲೆ ಇಟ್ಟು, ಹಪ್ಪಳವನ್ನು ನಾಲ್ಕು ಚೂರು ಮಾಡಿ ಕರಿದರು. ಉಳಿದದ್ದು ಎರಡೇ ಚಮಚ. ಅದು ಇವತ್ತು ಬೆಳಿಗ್ಗೆ ಪಲ್ಯದ ಒಗ್ಗರಣೆಗೆ ಹೋಯಿತು.