ಸರ್‌ನೇಮ್ ಕೇಳಿದ್ದು ಯಾರು?

ಎಲ್ಲರಿಗೂ ನಮಸ್ಕಾರ.

ಪಾಸ್‌ಪೋರ್ಟ್ ಅರ್ಜಿ ತುಂಬಿದವರಿಗೆ ಈ ಫಜೀತಿ ಗೊತ್ತಿರುತ್ತದೆ. ಒಂದು ಕಡೆ ಗಿವನ್ ನೇಮ್, ಇನ್ನೊಂದು ಕಡೆ ಸರ್‌ನೇಮ್. ಹಳೇ ಮೈಸೂರು ಕಡೆಯವರು ಅಲ್ಲೇ ತಡವರಿಸುತ್ತಾರೆ. ಮೊದಲ ಇನಿಷಿಯಲ್ ಊರು, ಎರಡನೆಯದು ಅಪ್ಪ, ಕೊನೆಗೆ ಉಳಿದಿದ್ದು ನಾವು. ಇದರಲ್ಲಿ ಸರ್‌ನೇಮ್ ಯಾವುದು ಹೇಳಿ? ಕೆಲವರು ಅಪ್ಪನ ಹೆಸರು ಬರೆಯುತ್ತಾರೆ, ಕೆಲವರು ಊರಿನ ಹೆಸರು. ಇನ್ನು ಕೆಲವರು ಒಂದು ಜಾಗ ಖಾಲಿ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟು ಒಂದೇ ಹೆಸರಲ್ಲಿ ಅಮೆರಿಕಕ್ಕೆ ಹೋದರೆ, ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಅಂತ ಅರ್ಥ. ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಮೂರು ಸಲ ಕೂಗಿ ಇಟ್ಟ ಹೆಸರು ಸರ್‌ನೇಮ್ ಆಗಿ ಕೂತಿರುತ್ತದೆ. ಮಂಜುನಾಥ ಅಲ್ಲಿ ಫ್ನು ಮಂಜುನಾಥ!

ಆಗ ನಮ್ಮ ಹೆಸರಲ್ಲೇ ಏನೋ ಊನ ಇದೆ ಅನ್ನಿಸಿಬಿಡುತ್ತದೆ. ಹಾಗೇನೂ ಇಲ್ಲ. ಒಂದು ಮನೆಗೆ, ಒಂದು ಊರಿಗೆ ಸರ್‌ನೇಮ್ ಅಷ್ಟೇನೂ ಬೇಕಾಗಿರಲಿಲ್ಲ. ಅದು ಬೇಕಾಗಿದ್ದು ಲೆಕ್ಕ ಬರೆಯುವವರಿಗೆ. ಚೀನಾದ ಮನೆತನದ ಹೆಸರುಗಳು ಎರಡು ಸಾವಿರ ವರ್ಷಕ್ಕಿಂತ ಹಳೆಯವು, ಅದು ಬೇರೆ ಮಾತು. ಉಳಿದ ಕಡೆ ಎಷ್ಟೋ ದೇಶಗಳಲ್ಲಿ ಸರ್‌ನೇಮ್ ಬಂದ ತಾರೀಕನ್ನೇ ಹೇಳಬಹುದು.

ಫಿಲಿಪ್ಪೀನ್ಸ್ ತೆಗೆದುಕೊಳ್ಳಿ. ಅಲ್ಲಿ ಸ್ಪೇನಿನವರ ಆಳ್ವಿಕೆ ಇತ್ತು. ಕ್ರೈಸ್ತರಾದ ಜನ ತಮಗೆ ಇಷ್ಟ ಬಂದ ಹೆಸರು ಸೇರಿಸಿಕೊಳ್ಳುತ್ತಿದ್ದರು. ಊರ ತುಂಬ ಸಾಂತೋಸ್‌ಗಳು, ದೆ ಲಾ ಕ್ರೂಸ್‌ಗಳು. ಒಂದೇ ಮನೆಯ ಅಣ್ಣನಿಗೆ ಒಂದು, ತಮ್ಮನಿಗೆ ಇನ್ನೊಂದು. ತೆರಿಗೆ ವಸೂಲಿಗೆ ಬಂದ ಅಧಿಕಾರಿ ಯಾರನ್ನು ಹಿಡಿಯಬೇಕು? ಗವರ್ನರ್ ನಾರ್ಸಿಸೊ ಕ್ಲಾವೆರಿಯಾ 1849ರ ನವೆಂಬರ್‌ನಲ್ಲಿ ಆಜ್ಞೆ ಹೊರಡಿಸಿದ. ಅಕಾರಾದಿಯಾಗಿ ಸುಮಾರು 60 ಸಾವಿರ ಹೆಸರುಗಳ ಒಂದು ದಪ್ಪ ಪಟ್ಟಿ ತಯಾರಾಯಿತು. ಸ್ಪೇನಿನ ಮನೆತನದ ಹೆಸರುಗಳ ಜೊತೆಗೆ ಅಲ್ಲಿನ ಗಿಡ, ಮರ, ಊರುಗಳ ಹೆಸರೂ ಅದರಲ್ಲಿದ್ದವು. ಪಟ್ಟಿಯ ಹಾಳೆಗಳನ್ನು ಪ್ರಾಂತ್ಯಗಳಿಗೆ ಹಂಚಿದರು, ಅಲ್ಲಿಂದ ಊರೂರಿಗೆ. ಮನೆಯ ಯಜಮಾನ ತನ್ನೂರಿಗೆ ಬಂದ ಹಾಳೆಯಿಂದ ಒಂದು ಹೆಸರು ಆರಿಸಿಕೊಳ್ಳಬೇಕು. ಇದರಿಂದ ಒಂದು ತಮಾಷೆ ಆಯಿತು. ಕೆಲವು ಊರುಗಳಲ್ಲಿ ಬಹಳಷ್ಟು ಮನೆತನಗಳ ಹೆಸರು ಒಂದೇ ಅಕ್ಷರದಿಂದ ಶುರುವಾಗುತ್ತದೆ. ಅಲ್ಬೇ ಪ್ರಾಂತ್ಯದ ಓಆಸ್ ಎಂಬ ಊರಲ್ಲಿ ಇಂದಿಗೂ ‘ಆರ್’ ಅಕ್ಷರದವರೇ ಜಾಸ್ತಿ. ಅಂದಹಾಗೆ, ಗಾರ್ಸಿಯಾ ಎಂಬ ಫಿಲಿಪ್ಪೀನ್ಸ್ ನರ್ಸ್ ನಿಮಗೆ ಸಿಕ್ಕರೆ ಅವರ ಅಜ್ಜ ಸ್ಪೇನಿನವನು ಅಂದುಕೊಳ್ಳಬೇಡಿ. ಅಜ್ಜನ ಅಜ್ಜನ ಊರಿಗೆ ಬಂದ ಹಾಳೆಯಲ್ಲಿ ಆ ಹೆಸರು ಇತ್ತು, ಅಷ್ಟೆ. ನಮ್ಮ ಮಂಗಳೂರಿನ ಪಿಂಟೊ, ಲೋಬೊ, ಡಿಸೋಜಾಗಳಿಗೂ ಇದೇ ಮಾತು ಸಲ್ಲುತ್ತದೆ. ಅವು ಗೋವಾದಲ್ಲಿ ದೀಕ್ಷಾಸ್ನಾನದ ಹೊತ್ತಿಗೆ ಅಂಟಿಕೊಂಡ ಪೋರ್ಚುಗೀಸ್ ಹೆಸರುಗಳು. ಲೋಬೊ ಅಂದರೆ ತೋಳ.

ಜಪಾನಿನಲ್ಲಿ ಸಾಮಾನ್ಯ ಜನರಿಗೆಲ್ಲ ಮನೆತನದ ಹೆಸರು ಕಡ್ಡಾಯವಾಗಿದ್ದು 1875ರಲ್ಲಿ. ಟರ್ಕಿಯಲ್ಲಿ 1934ರ ಕಾನೂನು. ಅಲ್ಲಿನ ಅಧ್ಯಕ್ಷ ಮುಸ್ತಫಾ ಕೆಮಾಲ್ ‘ಅತಾತುರ್ಕ್’ ಆಗಿದ್ದು ಅದೇ ವರ್ಷ. ಆ ಹೆಸರು ಅವನಿಗೆ ಮಾತ್ರ, ಬೇರೆ ಯಾರೂ ಇಟ್ಟುಕೊಳ್ಳುವಂತಿಲ್ಲ. ಅದೇ ಹೊತ್ತಿಗೆ ಅರ್ಮೇನಿಯನ್ನರ ‘ಯಾನ್’, ಗ್ರೀಕರ ‘ಪುಲೋಸ್’ ಥರದ ಬಾಲಗಳನ್ನು ಹೊಸ ಹೆಸರಿಗೆ ಹಚ್ಚಬಾರದು ಎಂದೂ ನಿಯಮ ಬಂತು. ಲೆಕ್ಕದ ನೆಪದಲ್ಲಿ ಬಂದ ಕಾನೂನು ಯಾರು ನಮ್ಮವರು ಎಂದು ಅಳೆಯುವುದಕ್ಕೂ ಒದಗಿತು.

ಥಾಯ್ಲೆಂಡಿನ ಕತೆ ನನಗೆ ಹೆಚ್ಚು ಇಷ್ಟ. ಆರನೇ ರಾಮ ಎನಿಸಿದ ವಜಿರಾವುಧ ರಾಜ 1913ರಲ್ಲಿ ಕಾನೂನು ತಂದ. ಅಷ್ಟಕ್ಕೇ ಬಿಡದೆ ತಾನೇ ಕೂತು ಆರು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹೆಸರು ಕಟ್ಟಿಕೊಟ್ಟ. ಸಂಬಂಧ ಇಲ್ಲದ ಎರಡು ಕುಟುಂಬಗಳಿಗೆ ಒಂದೇ ಹೆಸರು ಇರುವಂತಿಲ್ಲ. ಸಣ್ಣ ಹೆಸರುಗಳು ಬೇಗ ಮುಗಿದವು, ಆಮೇಲಿನವು ಉದ್ದ ಉದ್ದ ಆದವು. ಇಷ್ಟೆಲ್ಲ ಮಾಡಿದರೂ ಜನ ಅದನ್ನು ಮಾತಿನಲ್ಲಿ ಬಳಸಲೇ ಇಲ್ಲ. ಪ್ರಧಾನಿಯಾಗಿದ್ದ ತಕ್ಸಿನ್ ಶಿನವಾತ್ರ ಅಲ್ಲಿ ಬರೀ ತಕ್ಸಿನ್. ನಾವು ‘ಹರದನಹಳ್ಳಿಯವರು ಬಂದರು’ ಅನ್ನದೆ ‘ದೇವೇಗೌಡರು ಬಂದರು’ ಅನ್ನುವುದಿಲ್ಲವೇ, ಹಾಗೆ.

ಮಂಗೋಲಿಯಾದಲ್ಲಿ ಇದು ತಿರುವುಮುರುವಾಯಿತು. ಕಳೆದ ಶತಮಾನದ 20ರ ದಶಕದಲ್ಲಿ ಹೊಸ ಸರ್ಕಾರ ಕುಲದ ಹೆಸರುಗಳನ್ನೇ ನಿಷೇಧಿಸಿತು. ಜನ ಅಪ್ಪನ ಹೆಸರು, ತಮ್ಮ ಹೆಸರು ಇಟ್ಟುಕೊಂಡು ಬದುಕಿದರು. 90ರ ದಶಕದಲ್ಲಿ ಇನ್ನೊಂದು ಸರ್ಕಾರ ‘ಕುಲದ ಹೆಸರು ಮತ್ತೆ ಬೇಕು’ ಅಂದಿತು. ಅಷ್ಟು ಹೊತ್ತಿಗೆ ಎಷ್ಟೋ ಜನಕ್ಕೆ ಅದು ಮರೆತೇ ಹೋಗಿತ್ತು. ತುಂಬ ಮಂದಿ ಬೊರ್ಜಿಗಿನ್ ಎಂದು ಬರೆಸಿದರು. ಅದು ಚೆಂಗಿಸ್ ಖಾನನ ಕುಲ! ಯಾರಿಗೆ ಬೇಡ ಹೇಳಿ? 1981ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಗುರ್ರಾಗ್ಚಾ ಮಾತ್ರ ‘ಸನ್ಸರ್’ ಎಂದು ಆರಿಸಿಕೊಂಡರು. ಬ್ರಹ್ಮಾಂಡ ಅಂತ ಅರ್ಥ. ಹೋಗಿಬಂದವರಿಗೆ ಆ ಹಕ್ಕು ಇದೆ ಬಿಡಿ.

ತೊಟ್ಟಿಲಲ್ಲಿ ಇಡುವ ಹೆಸರಿಗೆ ಬಂದರೆ, ಅಲ್ಲಿ ಸರ್ಕಾರ ಇಲ್ಲ. ಅಲ್ಲಿರುವುದು ತಾಯಿಯ ಭಯ. ನಮ್ಮಲ್ಲಿ ಹುಟ್ಟಿದ ಮಕ್ಕಳು ಉಳಿಯದೇ ಇದ್ದಾಗ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಗುಂಡು ಕಲ್ಲಿನ ಹಾಗೆ ಗಟ್ಟಿಯಾಗಿ ಇರಲಿ ಎಂದು ಗುಂಡಪ್ಪ ಎನ್ನುತ್ತಿದ್ದರು. ಕಸ ಅಂದುಕೊಂಡು ಸಾವು ಮುಂದೆ ಹೋಗಲಿ ಎಂಬ ಲೆಕ್ಕಾಚಾರ. ಮಂಗೋಲಿಯಾದ ತಾಯಂದಿರು ಮಗುವಿಗೆ ‘ನೆರ್ಗುಯ್’ ಎಂದು ಇಡುತ್ತಿದ್ದರು, ಹೆಸರೇ ಇಲ್ಲ ಅಂತ. ‘ಎನೆಬಿಶ್’ ಅಂದರೆ ‘ಇದಲ್ಲ’. ದುಷ್ಟಶಕ್ತಿ ಬಂದು ಕೇಳಿದರೆ ಇದಲ್ಲ ಹೋಗು! ನೈಜೀರಿಯಾದ ಯೊರುಬಾ ಜನರದು ನೇರ ಬೇಡಿಕೆ. ‘ಮಲೊಮೊ’, ಅಂದರೆ ಇನ್ನು ಹೋಗಬೇಡ. ‘ದುರೊಜಾಯೆ’, ಅಂದರೆ ನಿಲ್ಲು, ಬದುಕನ್ನು ಅನುಭವಿಸು. ಒಬ್ಬರನ್ನೊಬ್ಬರು ಕಂಡೇ ಇರದ ಜನ ಇವರು. ತಿಪ್ಪೇಸ್ವಾಮಿ ಎಂಬ ಹೆಸರು ಹಳ್ಳಿಗಮಾರ ಅನ್ನಿಸುತ್ತದೆ ಎಂದು ಬದಲಿಸಿಕೊಂಡವರಿದ್ದಾರೆ. ಅದು ಅವರವರ ಇಷ್ಟ. ಆದರೆ ಅದನ್ನು ಕೇಳಿ ನಗುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಇನ್ನು ನಮ್ಮ ರಾಜ್ಯದ ವಿಷಯ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಇದೆ. ಅಕ್ಕಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಒಂದು ಶಾಲೆಯ ಹಾಜರಿ ಪುಸ್ತಕ ಓದಿದರೆ ಅಡಿಗೆಗೆ ಸಾಮಾನು ಸಿಗುತ್ತದೆ. ಕೊಡಗಿನಲ್ಲಿ ಮನೆಹೆಸರು ಮೊದಲು. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಕೊಡಂದೇರ. ಹಳೇ ಮೈಸೂರಿನಲ್ಲಿ ಇನಿಷಿಯಲ್. ಕೆಲವೊಮ್ಮೆ ಊರು ಬಿಟ್ಟು ತಲೆಮಾರುಗಳೇ ಕಳೆದರೂ ಊರ ಹೆಸರು ಬಿಡುವುದಿಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಹೆಸರಿನ ಹಿಂದಿನ ಮೋಕ್ಷಗುಂಡಂ ಇರುವುದು ಆಂಧ್ರದಲ್ಲಿ.

ಅಡ್ಡಹೆಸರಿಗೆ ಇರುವ ರುಚಿ ಇನಿಷಿಯಲ್‌ಗೆ ಇಲ್ಲ, ಒಪ್ಪುತ್ತೇನೆ. ಆದರೆ ಬಡಿಗೇರ, ಕುಂಬಾರ, ಹಿರೇಮಠ ಎಂದ ಕೂಡಲೇ ಎದುರಿನವನಿಗೆ ಜಾತಿ ಗೊತ್ತಾಗಿಬಿಡುತ್ತದೆ. ಬರೀ ಅಪ್ಪನ ಇನಿಷಿಯಲ್ ಹಾಕಿಕೊಂಡವನದು ಅಷ್ಟು ಸುಲಭಕ್ಕೆ ಗೊತ್ತಾಗುವುದಿಲ್ಲ. 1929ರಲ್ಲಿ ಚೆಂಗಲ್ಪಟ್ಟುವಿನಲ್ಲಿ ನಡೆದ, ಪೆರಿಯಾರರ ಸ್ವಾಭಿಮಾನ ಚಳವಳಿಯ ಸಮ್ಮೇಳನ ಹೆಸರಿನಿಂದ ಜಾತಿಯ ಬಾಲ ಕತ್ತರಿಸಲು ಕರೆ ಕೊಟ್ಟಿತು. ಪೆರಿಯಾರರೇ ‘ನಾಯ್ಕರ್’ ಬಿಟ್ಟರು. ತಮಿಳುನಾಡಿನಲ್ಲಿ ಇಂದು ಅಪ್ಪನ ಇನಿಷಿಯಲ್ ಸಾಕಾಗುವುದಕ್ಕೆ ಅದೂ ಒಂದು ಕಾರಣ. ಸರ್‌ನೇಮ್ ಇಲ್ಲದಿರುವುದು ಹಿಂದುಳಿದ ಲಕ್ಷಣ ಅನ್ನುವವರು ಇದನ್ನು ಸ್ವಲ್ಪ ಯೋಚಿಸಲಿ.

ಐಸ್‌ಲ್ಯಾಂಡ್ ಹಿಂದುಳಿದ ದೇಶವೇ? ಅಲ್ಲಿ ಬಹುತೇಕರಿಗೆ ಇಂದಿಗೂ ಸರ್‌ನೇಮ್ ಇಲ್ಲ. ಜಾನ್‌ನ ಮಗ, ಜಾನ್‌ನ ಮಗಳು, ಅಷ್ಟೆ. ಟೆಲಿಫೋನ್ ಡೈರೆಕ್ಟರಿ ಸಹ ಮೊದಲ ಹೆಸರಿನ ಕ್ರಮದಲ್ಲಿತ್ತು. 1980ರಲ್ಲಿ ಅಧ್ಯಕ್ಷೆಯಾದ ವಿಗ್ದಿಸ್ ಫಿನ್‌ಬೋಗಾದೋತ್ತಿರ್ ಅವರನ್ನು ಜನ ವಿಗ್ದಿಸ್ ಎಂದೇ ಕರೆದರು. ಡೆನ್ಮಾರ್ಕಿನಲ್ಲೂ ಹೀಗೇ ಇತ್ತು. ಅಲ್ಲಿ 1828ರ ಆಜ್ಞೆ ಬಂದ ಮೇಲೆ ಅಪ್ಪನ ಹೆಸರು ನಿಧಾನವಾಗಿ ಹೆಪ್ಪುಗಟ್ಟಿತು. ಯಾವುದೋ ಕಾಲದ ಒಬ್ಬ ಯೆನ್ಸ್, ಅವನ ಮರಿಮಕ್ಕಳ ಮರಿಮಕ್ಕಳೂ ಯೆನ್ಸನ್‌ಗಳೇ.

ನಮ್ಮಲ್ಲಿ ಈಗ ಆಗುತ್ತಿರುವುದು ಇದೇ. ರಂಗಪ್ಪನ ಮಗ ಪಾಸ್‌ಪೋರ್ಟ್‌ಗಾಗಿ ರಂಗಪ್ಪ ಎಂದು ಸರ್‌ನೇಮ್ ಬರೆಸುತ್ತಾನೆ. ಡಲ್ಲಾಸ್‌ನಲ್ಲಿ ಹುಟ್ಟಿದ ಅವನ ಮಗಳೂ ರಂಗಪ್ಪ. ಅವಳ ಮಗುವೂ ರಂಗಪ್ಪ ಆಗಬಹುದು. ಊರಲ್ಲಿದ್ದ ಅಸಲಿ ರಂಗಪ್ಪನಿಗೆ ಮಾತ್ರ ಇದು ಗೊತ್ತೇ ಇರುವುದಿಲ್ಲ.

ನನ್ನ ಮಾತು ಇಲ್ಲಿಗೆ ಸಾಕು. ಪ್ರಶ್ನೆ ಇದ್ದವರು ಕೇಳಿ. ಕೇಳುವ ಮೊದಲು ನಿಮ್ಮ ಹೆಸರನ್ನು ಪೂರ್ತಿ ಬಿಡಿಸಿ ಹೇಳಿ, ಅದೇ ಒಂದು ಉಪನ್ಯಾಸ ಆಗುತ್ತದೆ.