ಬೀಗದ ಕೈ ಯಾರ ಬಳಿ?

ಕೇಳುಗರೇ, ನಮಸ್ಕಾರ.

ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಕುರಿತು 1910ರಲ್ಲಿ ವರದಿ ಬರೆದ ಅಬ್ರಹಾಂ ಫ್ಲೆಕ್ಸ್‌ನರ್ ವೈದ್ಯರಲ್ಲ, ಶಾಲಾ ಶಿಕ್ಷಕರಾಗಿದ್ದವರು. ತಮ್ಮ ತಿರುಗಾಟದ ಒಂದು ಪ್ರಸಂಗವನ್ನು ಅವರು ಮುಂದೆ ನೆನೆದಿದ್ದಾರೆ. ಒಂದು ಶಾಲೆಯಲ್ಲಿ ಒಂದೊಂದು ಬಾಗಿಲಿಗೂ ಒಂದೊಂದು ಶಾಸ್ತ್ರದ ಫಲಕವಿತ್ತು, ಆದರೆ ಎಲ್ಲಕ್ಕೂ ಬೀಗ ಬಿದ್ದಿತ್ತು. ಹೊರಟುಹೋದವರಂತೆ ತೋರಿಸಿಕೊಂಡ ಫ್ಲೆಕ್ಸ್‌ನರ್ ಮರಳಿ ಬಂದು, ಕಾವಲಿನವನ ಕೈಗೆ ಒಂದಿಷ್ಟು ಹಣವಿತ್ತು ಬಾಗಿಲು ತೆಗೆಸಿದರು. ಒಳಗೆ ಮೇಜು, ಕಪ್ಪುಹಲಗೆ ಮತ್ತು ಕುರ್ಚಿಗಳ ಹೊರತು ಬೇರೇನೂ ಇರಲಿಲ್ಲ.

ವೈದ್ಯಕೀಯ, ಶುಶ್ರೂಷೆ, ಔಷಧಶಾಸ್ತ್ರ, ಭೌತಚಿಕಿತ್ಸೆ ಮುಂತಾದ ಶಿಕ್ಷಣಕ್ರಮಗಳಿಗೆ ಮಾನ್ಯತೆ ನೀಡುವ ಮೊದಲು ಪರಿಶೀಲಕರು ಖುದ್ದಾಗಿ ಹೋಗಿ ನೋಡಬೇಕೆಂಬ ಪದ್ಧತಿಯ ಹಿಂದೆ ಇರುವುದು ಈ ಮರಳಿ ಬರುವ ಸ್ವಾತಂತ್ರ್ಯವೇ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಕೋವಿಡ್ ಅನ್ನು ಜಾಗತಿಕ ಪಿಡುಗೆಂದು ಕರೆದ ಬಳಿಕ ಆ ಭೇಟಿಗಳು ನಿಂತವು, ಪರಿಶೀಲನೆ ವಿಡಿಯೋ ಪರದೆಗೆ ಬಂದಿತು. ತಾತ್ಕಾಲಿಕವೆಂದು ಒಪ್ಪಿಕೊಂಡ ಆ ಏರ್ಪಾಡನ್ನು ಹಲವು ಮಾನ್ಯತಾ ಸಂಸ್ಥೆಗಳು ಇಂದಿಗೂ ಪೂರ್ತಿಯಾಗಿ ಕೈಬಿಟ್ಟಿಲ್ಲ.

ಕೈಬಿಡದಿರಲು ಕಾರಣವಿದೆ. ಸ್ವಯಂ ಮೌಲ್ಯಮಾಪನ ವರದಿ, ಪಠ್ಯಕ್ರಮ, ಬೋಧಕರ ಅರ್ಹತಾ ಪತ್ರಗಳು, ಪರೀಕ್ಷಾ ಸಮಿತಿಯ ನಡಾವಳಿಗಳು, ಇವುಗಳನ್ನು ಅತಿಥಿಗೃಹದಲ್ಲಿ ನಡುರಾತ್ರಿ ತಿರುವಿ ಹಾಕುವುದಕ್ಕಿಂತ ವಾರಗಟ್ಟಲೆ ಮುಂಚೆ ತಮ್ಮ ಮೇಜಿನಲ್ಲಿ ಕುಳಿತು ಓದಿದರೆ ಪ್ರಶ್ನೆಗಳು ಹರಿತವಾಗುತ್ತವೆ. ದೂರದ ಗ್ರಾಮೀಣ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವ ವೈದ್ಯರು ಅರ್ಧ ದಿನದ ಪ್ರಯಾಣವಿಲ್ಲದೆ ಸಿಗುತ್ತಾರೆ. ಕಾಗದ ಮತ್ತು ಮಾತಿನ ಮಟ್ಟಿಗೆ ದೂರದ ಪರಿಶೀಲನೆ ಯಾವುದಕ್ಕೂ ಕಡಿಮೆಯಿಲ್ಲವೆಂದೇ ನನ್ನ ಎಣಿಕೆ.

ತೊಡಕು ಇರುವುದು ನೋಡುವುದರಲ್ಲಿ. ನಾನಿದ್ದ ಒಂದು ಪರಿಶೀಲನಾ ತಂಡಕ್ಕೆ ಕೌಶಲ ಪ್ರಯೋಗಾಲಯವನ್ನು ಮೊಬೈಲ್ ಕ್ಯಾಮೆರಾದಲ್ಲಿ ತೋರಿಸುತ್ತಿದ್ದರು. ಚುಚ್ಚುಮದ್ದು ಅಭ್ಯಾಸದ ಕೃತಕ ತೋಳುಗಳು ಸಾಲಾಗಿ ಹೊಳೆಯುತ್ತಿದ್ದವು. ಮೂರನೆಯದನ್ನು ಹತ್ತಿರ ಹಿಡಿಯಿರಿ ಎಂದೆ. ಮಣಿಕಟ್ಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ, ಒಂದು ಸೂಜಿಯ ಗುರುತೂ ಇರಲಿಲ್ಲ. ಹಾಗಾದರೆ ವಿದ್ಯಾರ್ಥಿಗಳು ಕಲಿತದ್ದು ಯಾವುದರ ಮೇಲೆ ಎಂದು ಕೇಳಿದಾಗ ಬೋಧಕಿ ಸಂಕೋಚದಿಂದಲೇ ಬೀರು ತೆರೆದು, ಚುಚ್ಚಿ ಚುಚ್ಚಿ ಜರಡಿಯಂತಾಗಿದ್ದ, ಟೇಪು ಸುತ್ತಿದ ಹಳೆಯ ತೋಳೊಂದನ್ನು ಹೊರತೆಗೆದರು. ನಮಗೆ ಬೇಕಾಗಿದ್ದ ಸಾಕ್ಷಿ ಅದೇ ಆಗಿತ್ತು, ಪಾಪ, ಅವರು ಅದನ್ನೇ ಅಡಗಿಸಿಟ್ಟಿದ್ದರು! ಆದ್ದರಿಂದ ಕ್ಯಾಮೆರಾ ಅವರ ಕೈಯಲ್ಲಿದ್ದರೂ ಅದು ಎತ್ತ ತಿರುಗಬೇಕೆಂಬ ಮಾತು ಪರಿಶೀಲಕರದ್ದಾಗಿರಬೇಕು. ಮೊದಲೇ ಚಿತ್ರೀಕರಿಸಿ ಸಂಗೀತ ಸೇರಿಸಿದ ವಿಡಿಯೋ ಇದಕ್ಕೆ ಬದಲಿಯಾಗದು. ವಾರ್ಡುಗಳಲ್ಲಿ ಮಾತ್ರ ರೋಗಿಯ ಮುಖವೂ ಕೇಸ್ ಶೀಟೂ ಪರದೆಗೆ ಬರಕೂಡದು, ಅಲ್ಲಿ ನಮ್ಮ ಕುತೂಹಲಕ್ಕೆ ಕಡಿವಾಣ ಬೇಕು.

ಇದಕ್ಕಿಂತ ನಾಜೂಕಾದದ್ದು ವಿದ್ಯಾರ್ಥಿಗಳೊಂದಿಗಿನ ಮಾತುಕತೆ. ಪರದೆಯ ಅಂಚಿನಾಚೆ ಯಾರು ಕುಳಿತಿದ್ದಾರೆಂದು ನಮಗೆ ಕಾಣುವುದಿಲ್ಲ. ಕಾಲೇಜಿನ ಸಭಾಕೊಠಡಿಯಲ್ಲಿ ಎಲ್ಲರನ್ನೂ ಒಂದೇ ಕ್ಯಾಮೆರಾದ ಮುಂದೆ ಕೂರಿಸಿದರೆ ಉತ್ತರಗಳೂ ಸಮವಸ್ತ್ರ ತೊಟ್ಟು ಬರುತ್ತವೆ. ಅವರವರ ಫೋನಿನಿಂದ, ಅವರವರ ಸ್ಥಳದಿಂದ ಸೇರಿಕೊಳ್ಳಲು ಬಿಡಬೇಕು. ಯಾರು ಬರಬೇಕೆಂಬುದನ್ನು ಹಾಜರಿ ಪಟ್ಟಿಯಿಂದ ತಂಡವೇ ಆರಿಸಬೇಕು. ಧ್ವನಿಮುದ್ರಣ ಇರುವುದಿಲ್ಲವೆಂದು ಆರಂಭದಲ್ಲೇ ಹೇಳಬೇಕು. ಸಂಪರ್ಕ ಕಡಿದರೆ ಬಳಸಲು ಬದಲಿ ದೂರವಾಣಿ ಸಂಖ್ಯೆ, ಹಿಂದಿನ ದಿನದ ಪೂರ್ವಪರೀಕ್ಷೆ, ಸಭೆಗಳ ನಡುವೆ ಕಣ್ಣಿಗೆ ಬಿಡುವು, ಇವೆಲ್ಲ ಅನುಭವವಿದ್ದವರಿಗೆ ಗೊತ್ತಿರುವ ವಿಷಯಗಳೇ. ಆದರೆ ಖುದ್ದು ಭೇಟಿಯಲ್ಲಿ ಊಟದ ಹೊತ್ತಿಗೆ ತಾನಾಗಿಯೇ ಆಗುತ್ತಿದ್ದ ತಂಡದೊಳಗಿನ ಚರ್ಚೆಗೆ ಇಲ್ಲಿ ಬೇರೆಯೇ ಸಮಯ ಎತ್ತಿಡಬೇಕೆಂಬುದನ್ನು ಅನೇಕರು ಮರೆಯುತ್ತಾರೆ.

ಅಮೆರಿಕದ ಶಿಕ್ಷಣ ಇಲಾಖೆ 2020ರಲ್ಲಿ ಪರದೆಯ ಭೇಟಿಗೆ ಅವಕಾಶ ಕೊಟ್ಟಾಗಲೂ ಮುಂದೆ ಒಮ್ಮೆ ಖುದ್ದಾಗಿ ಹೋಗಿ ನೋಡಬೇಕೆಂದು ಹೇಳಿತ್ತು. ಆ ಭೇಟಿ ದೊಡ್ಡದಾಗಿರಬೇಕಿಲ್ಲ, ಒಬ್ಬಿಬ್ಬರು ಹೋದರೂ ಸಾಕಾದೀತು. ಅವರು ಎಲ್ಲಿಂದ ಆರಂಭಿಸಬೇಕೆಂಬುದು ದೂರದ ಪರಿಶೀಲನೆಯ ವರದಿಯಲ್ಲೇ ತಿಳಿಯಬೇಕು. ಅದಕ್ಕಾಗಿ ನಮ್ಮ ತಂಡ ವರದಿಯಲ್ಲಿ ಎರಡು ಕ್ರಿಯಾಪದಗಳನ್ನು ಬೆರೆಸದೆ ಬಳಸುತ್ತಿತ್ತು: ತೋರಿಸಿ ಎಂದು ನಾವೇ ಕೇಳಿ ನೋಡಿದ್ದಕ್ಕೆ ‘ಕಂಡೆವು’, ಉಳಿದದ್ದಕ್ಕೆ ‘ತೋರಿಸಿದರು’. ಮುಂದೆ ಹೋಗುವವರು ‘ತೋರಿಸಿದರು’ ಎಂದಿರುವ ಸಾಲುಗಳ ಪಟ್ಟಿ ಹಿಡಿದು ಹೊರಟರೆ ಯಾವ ಬಾಗಿಲನ್ನು ಮೊದಲು ತೆಗೆಸಬೇಕೆಂದು ಹುಡುಕಬೇಕಾಗಿಲ್ಲ.

ನಮಸ್ಕಾರ.